ಮೆಕ್ಯಾನಿಕಲ್ ಎಂಜಿನಿಯರ್ ಹುಲಿ ಎಣಿಸಬಹುದೇ?

ಕಳೆದ ವರ್ಷ ನಮ್ಮ ಸಂಘದ ಗೆಳೆಯನೊಬ್ಬನಿಗೆ ಊರಿನ ಸುದ್ದಿವಾಹಿನಿಯೊಂದರಿಂದ ಫೋನ್ ಬಂತು. ಬೆಂಗಳೂರಿನ ಹೊರವಲಯದಲ್ಲಿ ಚಿರತೆ ಕಾಣಿಸಿಕೊಂಡಿದೆ, ನೀವು ಬ್ರಿಟನ್ನಿನಲ್ಲಿ ಬಯಾಲಜಿಯಲ್ಲಿ ಪಿಎಚ್‌ಡಿ ಮಾಡ್ತಿದ್ದೀರಂತೆ, ಐದು ನಿಮಿಷ ಮಾತಾಡಿ ಅಂತ. ಅವನು ಮಾತಾಡಿದ. ಪರದೆಯ ಕೆಳಗೆ 'ವನ್ಯಜೀವಿ ವಿಜ್ಞಾನಿ, ಬ್ರಿಟನ್' ಎಂಬ ಪಟ್ಟಿ ಓಡಿತು. ಅವನ ಸಂಶೋಧನೆ ಇರುವುದು ಯೀಸ್ಟ್ ಕೋಶದ ಒಂದು ಪ್ರೋಟೀನಿನ ಮೇಲೆ. ಚಿರತೆಯನ್ನು ಹಿಡಿದು ದೂರದ ಕಾಡಿಗೆ ಬಿಡುವುದೇ ಸರಿಯಾದ ದಾರಿ ಎಂದು ಅವನು ಗಂಭೀರವಾಗಿ ಹೇಳಿದ. ನಾವೆಲ್ಲ ಗ್ರೂಪಿನಲ್ಲಿ ಚಪ್ಪಾಳೆ ಹಾಕಿದೆವು.

ತಿಂಗಳಾದ ಮೇಲೆ ಪರಿಸರ ವಿಜ್ಞಾನ ಓದುವ ನಮ್ಮದೇ ಸಂಘದ ಹುಡುಗಿ ಒಂದು ಸಂಶೋಧನಾ ಲೇಖನ ತಂದು ತೋರಿಸಿದಳು. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟಾಗ ಏನಾಯಿತು ಎಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ್ದು. ಬಿಟ್ಟ ಜಾಗಗಳ ಸುತ್ತ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಂದರೆ ನಮ್ಮ ಗೆಳೆಯ ಟಿವಿಯಲ್ಲಿ ಹೇಳಿದ್ದು, ಒಬ್ಬರ ಮನೆಯ ಮಗುವಿಗೆ ಅಪಾಯ ತರಬಹುದಾದ ಸಲಹೆ. ಈ ಪ್ರಸಂಗವನ್ನು ಬರೆಯಿರಿ ಎಂದು ಹೇಳಿದವನೂ ಅವನೇ.

ಹಾಗಾದರೆ ತಜ್ಞ ಅಂತ ಯಾರನ್ನು ಕರೆಯಬೇಕು? ಸರ್ಕಾರದ ವನ್ಯಜೀವಿ ಯೋಜನೆಯೊಂದನ್ನು ಪರಿಶೀಲಿಸಲು ಸಮಿತಿ ನೇಮಿಸಿದಾಗ ಅದರ ಸದಸ್ಯರ ಅರ್ಹತೆಯನ್ನು ನಾವು ಹೇಗೆ ಅಳೆಯಬೇಕು? ಮೊದಲಿಗೆ ನಮಗೆ ತೋಚಿದ ಉತ್ತರ ಸುಲಭದ್ದು: ಡಿಗ್ರಿ ನೋಡಿ. ಎರಡು ದೇಶದ ಎರಡು ಪ್ರಾಣಿಗಳ ಕಥೆ ಓದಿದ ಮೇಲೆ ಆ ಉತ್ತರ ನಿಲ್ಲಲಿಲ್ಲ.

ಮೊದಲನೆಯದು ನಾವಿರುವ ಈ ದೇಶದ್ದು. ಬ್ಯಾಜರ್ ಎಂಬ ಕಪ್ಪುಬಿಳುಪು ಮುಖದ ಪ್ರಾಣಿಯನ್ನು ನಮ್ಮಲ್ಲಿ ಬಹಳ ಜನ ನೋಡಿರುವುದು ರಸ್ತೆಬದಿಯಲ್ಲಿ, ಸತ್ತು ಬಿದ್ದಿದ್ದಾಗ ಮಾತ್ರ. ದನಗಳಿಗೆ ಕ್ಷಯ ಹರಡುವುದರಲ್ಲಿ ಇದರ ಪಾಲೂ ಇದೆ ಎಂಬುದು ಹಳೆಯ ಮಾತು. ಬ್ಯಾಜರ್ ಕೊಂದರೆ ರೋಗ ನಿಲ್ಲುತ್ತದೆಯೇ ಎಂದು ತಿಳಿಯಲು 1998ರಲ್ಲಿ ಜಾನ್ ಬೋರ್ನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸ್ವತಂತ್ರ ವಿಜ್ಞಾನಿ ತಂಡ ರಚನೆಯಾಯಿತು. ತಂಡದಲ್ಲಿ ಬ್ಯಾಜರ್‌ಗಳ ಬದುಕನ್ನೇ ಅಧ್ಯಯನ ಮಾಡಿದ್ದ ರೋಸಿ ವುಡ್‌ರಾಫ್ ಇದ್ದರು. ಜೊತೆಗೆ ಪಶುವೈದ್ಯರಿದ್ದರು, ಕೃಷಿ ಅರ್ಥಶಾಸ್ತ್ರಜ್ಞರೊಬ್ಬರಿದ್ದರು. ನಮ್ಮ ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳು ದಿನಾ ಹೆಸರು ಹೇಳುವ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್ ಕೂಡ ಇದ್ದರು. 'ಬ್ಯಾಜರ್ ಬಗ್ಗೆ ಕಾಕ್ಸ್‌ಗೆ ಏನು ಗೊತ್ತು' ಎಂದು ಕೇಳಬಹುದು. ಆದರೆ ತಂಡದ ಮುಂದಿದ್ದ ಪ್ರಶ್ನೆ ಬ್ಯಾಜರ್ ಏನು ತಿನ್ನುತ್ತದೆ ಎಂಬುದಾಗಿರಲಿಲ್ಲ. ಕೊಂದ ಪ್ರದೇಶಕ್ಕೂ ಕೊಲ್ಲದ ಪ್ರದೇಶಕ್ಕೂ ಕಾಣುವ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂಬುದಾಗಿತ್ತು. ಅದಕ್ಕೆ ಬೇಕಾದ್ದೇ ಕಾಕ್ಸ್‌ರಂಥವರು.

ಸುಮಾರು 11,000 ಬ್ಯಾಜರ್‌ಗಳು ಸತ್ತ ಆ ಪ್ರಯೋಗದ ಕೊನೆಯ ವರದಿ 2007ರ ಜೂನ್‌ನಲ್ಲಿ ಬಂತು. ಕೊಂದ ಪ್ರದೇಶದ ಒಳಗೆ ರೋಗ ಸ್ವಲ್ಪ ಇಳಿದಿತ್ತು, ಸುತ್ತಲಿನ ಅಂಚಿನಲ್ಲಿ ಏರಿತ್ತು. ಗುಂಪು ಚದುರಿದಾಗ ಉಳಿದ ಬ್ಯಾಜರ್‌ಗಳು ಹೆಚ್ಚು ದೂರ ಅಲೆಯುತ್ತವೆ, ರೋಗವೂ ಅವುಗಳ ಜೊತೆ ಅಲೆಯುತ್ತದೆ. ಹಾಗಾಗಿ ಕೊಲ್ಲುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ ಎಂದು ತಂಡ ಹೇಳಿತು. ಆರು ವಾರ ಕಳೆಯುವುದರೊಳಗೆ ಸರ್ಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರ ಡೇವಿಡ್ ಕಿಂಗ್ ಒಂದು ಸಣ್ಣ ಗುಂಪಿನ ನೆರವಿನಿಂದ ಬೇರೆ ವರದಿ ಬರೆದು, ಕೊಲ್ಲುವುದು ಉಪಯೋಗಕ್ಕೆ ಬರಬಹುದು ಎಂದರು. ಕಿಂಗ್ ರಸಾಯನಶಾಸ್ತ್ರಜ್ಞರು. ಅವರ ಟೀಕಾಕಾರರು ಮೊದಲು ಹಿಡಿದದ್ದು ಇದನ್ನೇ. ನಮ್ಮ ಅಭಿಪ್ರಾಯದಲ್ಲಿ ಅದು ದುರ್ಬಲ ಟೀಕೆ. ಗಟ್ಟಿಯಾದದ್ದು ಬೇರೆ ಇದೆ: ಸುಮಾರು ಹತ್ತು ವರ್ಷದ ಕೆಲಸವನ್ನು ಆರು ವಾರದಲ್ಲಿ ತೂಗಿ ನೋಡಿದ್ದು ಹೇಗೆ, ಯಾವ ಹೊಸ ಮಾಹಿತಿಯಿಂದ?

ಕಥೆ ಅಲ್ಲಿಗೆ ಮುಗಿಯಲಿಲ್ಲ. 2013ರಲ್ಲಿ ಸಾಮರ್ಸೆಟ್ ಮತ್ತು ಗ್ಲಾಸ್ಟರ್‌ಶೈರ್‌ಗಳಲ್ಲಿ ಪ್ರಾಯೋಗಿಕವಾಗಿ ಬ್ಯಾಜರ್ ಬೇಟೆ ನಡೆಯಿತು. ಆರು ವಾರದಲ್ಲಿ ಶೇ. 70ರಷ್ಟನ್ನು ಕೊಲ್ಲಬೇಕೆಂಬ ಗುರಿ ತಪ್ಪಿತು. ಆಗಿನ ಪರಿಸರ ಸಚಿವರು, ಬ್ಯಾಜರ್‌ಗಳೇ ಗೋಲ್‌ಪೋಸ್ಟ್ ಜರುಗಿಸಿಬಿಟ್ಟವು ಎಂಬರ್ಥದ ಮಾತಾಡಿ ದೇಶವನ್ನೇ ನಗಿಸಿದ್ದರು. ಇದನ್ನು ಪರಿಶೀಲಿಸಲು ಪಶುರೋಗ ತಜ್ಞ ರಾನಲ್ಡ್ ಮನ್ರೋ ಅವರ ಅಧ್ಯಕ್ಷತೆಯಲ್ಲಿ ಸ್ವತಂತ್ರ ತಜ್ಞರ ಸಮಿತಿ ಇತ್ತು. ಅವರ ಅರ್ಹತೆಯ ಬಗ್ಗೆ ತಕರಾರು ಎತ್ತುವುದು ಕಷ್ಟವಿತ್ತು. 2014ರಲ್ಲಿ ಸಮಿತಿ ಹೇಳಿದ್ದು: ಬೇಟೆ ಪರಿಣಾಮಕಾರಿಯಲ್ಲ, ಬಿಟ್ಟು ಬೇಟೆಯಾಡಿದ ಬ್ಯಾಜರ್‌ಗಳಲ್ಲಿ ಶೇ. 7.4ರಿಂದ 22.8ರಷ್ಟು, ಗುಂಡು ತಗುಲಿ ಐದು ನಿಮಿಷವಾದರೂ ಬದುಕಿದ್ದವು. ಒಪ್ಪಿತ ಮಿತಿ ಶೇ. 5 ಆಗಿತ್ತು. ಮುಂದಿನ ಸುತ್ತಿಗೆ ಆ ಸಮಿತಿಯನ್ನು ಮುಂದುವರಿಸಲಿಲ್ಲ, ಬೇಟೆ ಮುಂದುವರಿಯಿತು. ಬ್ಯಾಜರ್ ಪರ ಸಂಸ್ಥೆ ನ್ಯಾಯಾಲಯಕ್ಕೂ ಹೋಗಿ ಸೋತಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ನಮಗೂ ಮೊದಲ ಓದಿಗೆ ಹೊಳೆದಿರಲಿಲ್ಲ. ಆ ಸಮಿತಿಗೆ ಕೇಳಿದ್ದು ಬೇಟೆ ಪರಿಣಾಮಕಾರಿಯೇ, ಮಾನವೀಯವೇ, ಜನರಿಗೆ ಸುರಕ್ಷಿತವೇ ಎಂಬ ಮೂರು ಪ್ರಶ್ನೆ ಮಾತ್ರ. 'ಪರಿಣಾಮಕಾರಿ' ಎಂದರೆ ಸಾಕಷ್ಟು ಬ್ಯಾಜರ್ ಸತ್ತವೇ ಎಂದರ್ಥ. ಇದರಿಂದ ದನಗಳ ಕ್ಷಯ ಕಡಿಮೆಯಾಯಿತೇ ಎಂದು ಕೇಳಿರಲೇ ಇಲ್ಲ. ಎಂಥ ಘಟಾನುಘಟಿಗಳನ್ನು ಕೂರಿಸಿದರೂ, ಕೈಗೆ ಕೊಟ್ಟ ಪ್ರಶ್ನೆ ಸಣ್ಣದಾದರೆ ಉತ್ತರವೂ ಸಣ್ಣದೇ.

ಇನ್ನು ನಮ್ಮ ಊರಿನ ಹುಲಿಗೆ ಬರೋಣ. ಅಲ್ಲಿ ಜಗಳ ಶುರುವಾದದ್ದೇ ಎಣಿಕೆಯಿಂದ. ಹುಲಿ ಯೋಜನೆ ಗೆಲ್ಲುತ್ತಿದೆಯೇ ಸೋಲುತ್ತಿದೆಯೇ ಎಂದು ಹೇಳಲು ದಶಕಗಳ ಕಾಲ ಬಳಸಿದ್ದು ಹೆಜ್ಜೆಗುರುತಿನ ಲೆಕ್ಕ. 1966ರಲ್ಲಿ ಇದನ್ನು ರೂಪಿಸಿದವರು ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ. ಖೈರಿ ಎಂಬ ಹೆಣ್ಣು ಹುಲಿಯನ್ನು ಮನೆಯಲ್ಲೇ ಸಾಕಿದ್ದ ಮನುಷ್ಯ. ಹುಲಿ ಗೊತ್ತಿಲ್ಲ ಎಂದು ಅವರಿಗೆ ಯಾರಾದರೂ ಹೇಳಲು ಸಾಧ್ಯವೇ? ವಿಧಾನ ಹೀಗಿತ್ತು: ಗೊತ್ತಾದ ದಿನಗಳಲ್ಲಿ ಗಾರ್ಡುಗಳು, ವಾಚರುಗಳು ಕಾಡೆಲ್ಲ ತಿರುಗಿ, ಹುಲಿಯ ಹಿಂಗಾಲಿನ ಗುರುತಿನ ಮೇಲೆ ಗಾಜು ಇಟ್ಟು ಅದರ ಗೆರೆ ಎಳೆದುಕೊಳ್ಳಬೇಕು. ಆಮೇಲೆ ಅಧಿಕಾರಿಗಳು ಆ ಚಿತ್ರಗಳನ್ನು ಹೋಲಿಸಿ, ಯಾವುದು ಯಾವ ಹುಲಿ ಎಂದು ಬೇರ್ಪಡಿಸಿ, ಒಟ್ಟು ಇಷ್ಟು ಎನ್ನಬೇಕು.

ಇದರಲ್ಲಿ ತಪ್ಪು ಕಂಡುಹಿಡಿದು 1980ರ ದಶಕದಿಂದಲೂ ಬರೆಯುತ್ತ ಬಂದವರು ಉಲ್ಲಾಸ ಕಾರಂತರು, ಶಿವರಾಮ ಕಾರಂತರ ಮಗ. ಅವರ ಮೊದಲ ಪದವಿ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನದು, ಮೆಕ್ಯಾನಿಕಲ್. ವನ್ಯಜೀವಿ ವಿಜ್ಞಾನವನ್ನು ಫ್ಲೋರಿಡಾದಲ್ಲಿ ಓದಿದ್ದು ಆಮೇಲೆ. ಮೃಗಾಲಯದ ಕೆಲವೇ ಹುಲಿಗಳ ಹೆಜ್ಜೆಗುರುತುಗಳನ್ನು ಪಡೆದು ಅನುಭವಿ ಅಧಿಕಾರಿಗಳ ಮುಂದಿಟ್ಟು, ಇದು ಎಷ್ಟು ಹುಲಿ ಹೇಳಿ ಎಂದು ಅವರು ಪರೀಕ್ಷಿಸಿದ್ದರು. ಯಾರ ಲೆಕ್ಕವೂ ನಿಜವಾದ ಸಂಖ್ಯೆಗೆ ತಾಳೆಯಾಗಲಿಲ್ಲ. ಒಂದೇ ಹುಲಿಯ ಗುರುತು ಮರಳಿನಲ್ಲಿ ಒಂದು ಥರ, ಕೆಸರಿನಲ್ಲಿ ಒಂದು ಥರ. ಅದಕ್ಕಿಂತ ದೊಡ್ಡ ತೊಡಕು, ಎಲ್ಲ ಹುಲಿಯ ಗುರುತೂ ನಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂಬ ನಂಬಿಕೆ.

ಬದಲಿಗೆ ಕಾರಂತರು ನಾಗರಹೊಳೆಯಲ್ಲಿ ಮಾಡಿದ್ದನ್ನು ಕೆರೆಯ ಉದಾಹರಣೆಯಿಂದ ಹೇಳಬಹುದು. ಕೆರೆಯಲ್ಲಿ ಎಷ್ಟು ಮೀನಿದೆ ಎಂದು ನೀರು ಖಾಲಿ ಮಾಡದೆ ತಿಳಿಯಬೇಕು. 50 ಮೀನು ಹಿಡಿದು ಗುರುತು ಹಾಕಿ ಬಿಡಿ. ಕೆಲ ದಿನ ಬಿಟ್ಟು ಮತ್ತೆ 50 ಹಿಡಿಯಿರಿ. ಅದರಲ್ಲಿ 10ಕ್ಕೆ ಗುರುತಿದ್ದರೆ, ಐದರಲ್ಲೊಂದು ಮೀನಿಗೆ ಗುರುತು ಇದೆ ಎಂದಾಯಿತು. ಹಾಗಾಗಿ ಕೆರೆಯಲ್ಲಿ ಸುಮಾರು 250. ಹುಲಿಗೆ ಬಣ್ಣ ಹಚ್ಚಬೇಕಿಲ್ಲ, ಮೈಮೇಲಿನ ಪಟ್ಟೆಗಳು ನಮ್ಮ ಬೆರಳಚ್ಚಿನ ಹಾಗೆ ಒಂದರದ್ದು ಇನ್ನೊಂದಕ್ಕಿಲ್ಲ. ಕಾಡಿನ ದಾರಿಗಳಲ್ಲಿ ಕ್ಯಾಮೆರಾ ಕಟ್ಟಿದರೆ ಹುಲಿಯೇ ಬಂದು ಫೋಟೋ ತೆಗೆಸಿಕೊಳ್ಳುತ್ತದೆ. ಮತ್ತೆ ಮತ್ತೆ ಸಿಕ್ಕವು ಎಷ್ಟು ಎಂಬುದರಿಂದ, ಸಿಗದೇ ಉಳಿದವು ಎಷ್ಟಿರಬಹುದು ಎಂದು ಅಂದಾಜಿಸುವುದು. ಈ ಕೆಲಸ 1995ರಲ್ಲಿ ಪ್ರಕಟವಾಯಿತು. ಲೆಕ್ಕದ ಭಾಗದಲ್ಲಿ ಮುಂದೆ ಅವರ ಜೊತೆಯಾದ ಜೇಮ್ಸ್ ನಿಕೋಲ್ಸ್ ಅಮೆರಿಕದಲ್ಲಿ ಬಾತುಕೋಳಿಗಳ ಲೆಕ್ಕಾಚಾರದಲ್ಲಿ ಪಳಗಿದವರು. ಹುಲಿ ಸಾಕಿದವರ ಲೆಕ್ಕ ತಪ್ಪಿತು, ಬಾತುಕೋಳಿಯವರ ಲೆಕ್ಕ ನಿಂತಿತು. ಯಾಕೆಂದರೆ ಪ್ರಶ್ನೆ ಹುಲಿಯದ್ದಾಗಿರಲಿಲ್ಲ, ಎಣಿಕೆಯದ್ದಾಗಿತ್ತು.

ಆದರೂ 2001–02ರ ರಾಷ್ಟ್ರೀಯ ಗಣತಿಯ ತನಕ ಗಾಜು, ಗೆರೆಯೇ ನಡೆಯಿತು. ಆ ಗಣತಿಯ ಸಂಖ್ಯೆ 3,642. ರಾಜಸ್ಥಾನದ ಸರಿಸ್ಕಾದಲ್ಲಿ 2004ರಲ್ಲೂ 16ರಿಂದ 18 ಹುಲಿಗಳಿವೆ ಎಂದು ಕಾಗದದಲ್ಲಿತ್ತು. 2005ರ ಆರಂಭದಲ್ಲಿ ಹುಡುಕಿದರೆ ಒಂದೂ ಇಲ್ಲ, ಕಳ್ಳಬೇಟೆಗೆ ಎಲ್ಲವೂ ಬಲಿ. ಆ ಕಾಗದಕ್ಕೆ ಸಹಿ ಹಾಕಿದವರೆಲ್ಲ ಕಾನೂನಿನ ಪ್ರಕಾರ ಅರ್ಹರೇ.

ಆಗ ಪ್ರಧಾನಿಯವರು ಹುಲಿ ಕಾರ್ಯಪಡೆಯನ್ನು ನೇಮಿಸಿದರು. ಅಧ್ಯಕ್ಷೆ ಸುನೀತಾ ನಾರಾಯಣ್, ಪರಿಸರ ಹೋರಾಟ ಮತ್ತು ಪತ್ರಿಕೋದ್ಯಮದ ಹಿನ್ನೆಲೆಯವರು. ಹುಲಿಯ ಬಗ್ಗೆ ಇವರಿಗೇನು ಗೊತ್ತು ಎಂಬ ಮಾತು ಹುಲಿಪ್ರಿಯರ ವಲಯದಲ್ಲಿ ಕೂಡಲೇ ಎದ್ದಿತು. ಸದಸ್ಯರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಇದ್ದ ಮಾಧವ ಗಾಡ್ಗೀಳರು, ಹುಲಿ ಯೋಜನೆಯ ನಿರ್ದೇಶಕರಾಗಿದ್ದ ಎಚ್. ಎಸ್. ಪನ್ವರ್, ಸಮರ್ ಸಿಂಗ್, ವಾಲ್ಮೀಕ್ ಥಾಪರ್ ಇದ್ದರು. ಥಾಪರ್ ಓದಿದ್ದು ಸಮಾಜಶಾಸ್ತ್ರ, ಆದರೆ ರಣಥಂಭೋರದ ಹುಲಿಗಳ ಹಿಂದೆ ದಶಕಗಳನ್ನೇ ಕಳೆದವರು. ಜನರೂ ಹುಲಿಯೂ ಒಟ್ಟಿಗೆ ಬಾಳಬಹುದು ಎಂಬ ವರದಿಯ ಧೋರಣೆಯನ್ನು ಅವರು ಒಪ್ಪದೆ ಪ್ರತ್ಯೇಕ ಭಿನ್ನಮತ ಬರೆದರು. ಯಾರು ಸರಿ ಎಂಬುದರಲ್ಲಿ ನಮ್ಮಲ್ಲೇ ಎರಡು ಗುಂಪಿದೆ; ಕೊಡಗಿನವರೊಬ್ಬರು, ಚಾಮರಾಜನಗರದವರೊಬ್ಬರು ಆ ವಿಷಯಕ್ಕೆ ಊಟದ ಟೇಬಲಿನಲ್ಲಿ ಜಗಳವಾಡಿದ್ದೂ ಇದೆ. ಆದರೆ ಕಾಡಿನಂಚಿನ ಜನರ ಬದುಕು ಕೂಡ ಆ ಕಾರ್ಯಪಡೆಯ ಪ್ರಶ್ನೆಯ ಭಾಗವಾಗಿತ್ತು. ಹಾಗಿರುವಾಗ ಹುಲಿ ವಿಜ್ಞಾನಿಗಳಷ್ಟೇ ಇರಬೇಕಿತ್ತು ಅನ್ನುವುದು ನಮಗೆ ಸರಿ ಕಾಣುವುದಿಲ್ಲ. ಭಿನ್ನಮತ ವರದಿಯೊಳಗೇ ಅಚ್ಚಾಯಿತು, ಅದು ನಮಗೆ ದೊಡ್ಡದಾಗಿ ಕಂಡಿತು.

ಹೊಸ ವಿಧಾನದಲ್ಲಿ 2006ರ ಅಂದಾಜು 1,411. ಹಾಗೆಂದು 3,642ರಿಂದ 1,411ಕ್ಕೆ ಇಳಿಯಿತು ಅಂತ ಕಳೆದುನೋಡಬೇಡಿ. ಒಂದು ಸೇರಿನಲ್ಲಿ ಅಳೆದದ್ದು, ಇನ್ನೊಂದು ತಕ್ಕಡಿಯಲ್ಲಿ ತೂಗಿದ್ದು. ಹೊಸ ವಿಧಾನವೂ ಪ್ರಶ್ನಾತೀತವಲ್ಲ. ಕ್ಯಾಮೆರಾ ಇಲ್ಲದ ವಿಶಾಲ ಕಾಡಿಗೆ ಆ ಲೆಕ್ಕವನ್ನು ಹಿಗ್ಗಿಸುವ ರೀತಿ ಸರಿಯಿಲ್ಲ ಎಂದು ಆಕ್ಸ್‌ಫರ್ಡ್‌ನ ಅರ್ಜುನ್ ಗೋಪಾಲಸ್ವಾಮಿ, ಕಾರಂತ ಮೊದಲಾದವರು 2015ರಲ್ಲಿ ಬರೆದರು. ಗಣತಿ ನಡೆಸುವ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಆ ವಾದದ ಲೇಖನಗಳನ್ನು ಓದಿದಾಗ ಸಮೀಕರಣ ಸಿಗುತ್ತದೆ, ಯಾರ ಡಿಗ್ರಿ ಯಾವುದು ಎಂಬ ಮಾತು ಸಿಗುವುದಿಲ್ಲ.

ಹಾಗಾಗಿ ಈಗ ನಾವು ತಜ್ಞರ ವರದಿ ಕೈಗೆ ಬಂದಾಗ ಸದಸ್ಯರ ಹೆಸರಿನ ಮುಂದಿನ 'ಡಾ.' ನೋಡುವ ಮೊದಲು, ಸಾಮಾನ್ಯವಾಗಿ ಅನುಬಂಧದಲ್ಲಿರುವ, ಸರ್ಕಾರ ಸಮಿತಿಗೆ ಕೊಟ್ಟ ಪ್ರಶ್ನೆಗಳ ಪುಟವನ್ನು ತೆಗೆಯುತ್ತೇವೆ. ಆ ಒಂದೊಂದು ಪ್ರಶ್ನೆಗೂ ಯಾರು ಉತ್ತರಿಸಬಲ್ಲರು ಎಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತೇವೆ. ಎಣಿಕೆಯ ಪ್ರಶ್ನೆಗೆ ಎಣಿಸಬಲ್ಲವರು, ರೋಗದ ಪ್ರಶ್ನೆಗೆ ರೋಗ ಬಲ್ಲವರು, ಪರಿಹಾರದ ಪ್ರಶ್ನೆಗೆ ಬೆಳೆ ಕಳೆದುಕೊಂಡ ರೈತನ ಲೆಕ್ಕ ಬಲ್ಲವರು ಇದ್ದಾರೆಯೇ? ಮೂಲ ಮಾಹಿತಿ ಬೇರೆಯವರ ಕೈಗೂ ಸಿಗುತ್ತದೆಯೇ? ಪರಿಶೀಲನೆಗೆ ಒಳಗಾದ ಇಲಾಖೆಯ ಹಂಗಿನಲ್ಲೇ ಪರಿಶೀಲಕರ ಮುಂದಿನ ಪರವಾನಗಿ, ಅನುದಾನ ಇದೆಯೇ? ಕೊನೆಯದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ನಮ್ಮ ಪ್ರೊಫೆಸರರೊಬ್ಬರಿಗೂ ಬಂತು.

ಟಿವಿಯ ಗೆಳೆಯನಿಗೆ ಈ ಮಾರ್ಚ್‌ನಲ್ಲಿ ಅದೇ ವಾಹಿನಿಯಿಂದ ಮತ್ತೆ ಕರೆ ಬಂತು, ಈ ಸಲ ಆನೆಯ ವಿಷಯಕ್ಕೆ. ಆನೆಯ ಬಗ್ಗೆ ತನಗೆ ಗೊತ್ತಿಲ್ಲ, ಗೊತ್ತಿರುವವರ ಹೆಸರು ಕೊಡುತ್ತೇನೆ ಎಂದ. ಅವರು ಹೆಸರು ಬರೆದುಕೊಳ್ಳಲಿಲ್ಲ, "ಎರಡೇ ನಿಮಿಷ ಸಾರ್" ಅಂದರು. ಅವನು ಫೋನಿಟ್ಟು ಲ್ಯಾಬಿಗೆ ಹೋದ. ಮುಂದಿನ ತಿಂಗಳ ಓದುಕೂಟಕ್ಕೆ 2005ರ ಹುಲಿ ಕಾರ್ಯಪಡೆಯ ವರದಿಯನ್ನು ಅವನೇ ಆರಿಸಿದ್ದಾನೆ. ಬರುವವರು ಥಾಪರ್ ಅವರ ಭಿನ್ನಮತವನ್ನು ಮೊದಲು ಓದಿಕೊಂಡು ಬನ್ನಿ, ಜೊತೆಗೆ ಪೆನ್ಸಿಲ್ ಇರಲಿ.