ಮನೆ ಬದಲಾದರೂ ಲ್ಯಾಂಡ್‌ಲೈನ್ ನಂಬರ್ ಉಳಿಸಿಕೊಳ್ಳುವುದು ಹೇಗೆ?

ನ್ಯೂಜೆರ್ಸಿಯಿಂದ ಟೆಕ್ಸಾಸ್‌ಗೆ ಮನೆ ಬದಲಿಸುವಾಗ ಖರ್ಚಿನ ಲೆಕ್ಕವನ್ನೆಲ್ಲ ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಟ್ಟಿದ್ದೆ. ಲ್ಯಾಂಡ್‌ಲೈನ್ ಮುಂದೆ 'ಕ್ಯಾನ್ಸಲ್' ಎಂದಿತ್ತು. ಅದನ್ನು ನೋಡಿದ ಹೆಂಡತಿ, "ಮೈಸೂರಿನಲ್ಲಿ ಅತ್ತೆಗೆ ಬಾಯಿಪಾಠ ಇರೋ ನಮ್ಮ ನಂಬರ್ ಅದೊಂದೇ ಅಲ್ವಾ?" ಎಂದಳು. ಹದಿನಾಲ್ಕು ವರ್ಷದಿಂದ ನಮ್ಮ ಬ್ಯಾಂಕು, ಮಕ್ಕಳ ಡಾಕ್ಟರು, ಇನ್ಶೂರೆನ್ಸ್‌ನವರ ಬಳಿ ಇದ್ದದ್ದೂ ಅದೇ.

ಫೋನ್ ಕಂಪನಿಗೆ ಕರೆ ಮಾಡಿದೆ. ಬೇರೆ ರಾಜ್ಯಕ್ಕೆ ನಂಬರ್ ಒಯ್ಯಲು ಆಗುವುದಿಲ್ಲ ಎಂದರು. ಅದು ಅರ್ಧ ನಿಜ. ಇಲ್ಲಿ ಲ್ಯಾಂಡ್‌ಲೈನ್ ನಂಬರ್ 'ರೇಟ್ ಸೆಂಟರ್' ಎಂಬ ಸಣ್ಣ ಭೌಗೋಳಿಕ ವಲಯಕ್ಕೆ ಸೇರಿರುತ್ತದೆ. ಆ ವಲಯದೊಳಗೆ ಮನೆ ಬದಲಿಸಿದರೂ, ಕಂಪನಿ ಬದಲಿಸಿದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ವಲಯ ದಾಟಿದರೆ ಲ್ಯಾಂಡ್‌ಲೈನ್ ಆಗಿ ಉಳಿಸಿಕೊಳ್ಳುವುದು ಕಷ್ಟ. ಆದರೆ 2003ರ ನವೆಂಬರ್‌ನಿಂದ ಲ್ಯಾಂಡ್‌ಲೈನ್ ನಂಬರನ್ನು ಮೊಬೈಲ್‌ಗೆ ಪೋರ್ಟ್ ಮಾಡಬಹುದು. ಮೊಬೈಲ್‌ಗೆ ಊರಿನ ಹಂಗಿಲ್ಲ. ಹಾಗಾಗಿ ಹಳೆಯ ಮನೆಯಲ್ಲಿ ಇರುವಾಗಲೇ ಒಂದು ಅಗ್ಗದ ಪ್ರೀಪೇಯ್ಡ್ ಸಿಮ್‌ಗೆ ನಂಬರ್ ಪೋರ್ಟ್ ಮಾಡಿ, ಆಮೇಲೆ ಗಂಟುಮೂಟೆ ಕಟ್ಟಿ.

ಎಷ್ಟೋ ಜನ ಮಾಡುವ ತಪ್ಪೆಂದರೆ ಮೊದಲು ಲೈನ್ ಕ್ಯಾನ್ಸಲ್ ಮಾಡುವುದು. ಕಡಿದ ನಂಬರ್ ಕಂಪನಿಯ ದಾಸ್ತಾನಿಗೆ ಹೋಗಿ, ಮುಂದೆ ಯಾರದೋ ಪಾಲಾಗುತ್ತದೆ. ಹಳೆಯ ಕಂಪನಿಗೆ ನೀವು ಕ್ಯಾನ್ಸಲ್ ಎಂದು ಹೇಳಲೇಬೇಡಿ. ಹೊಸ ಕಂಪನಿಯೇ ನಂಬರ್ ಎಳೆದುಕೊಳ್ಳಲಿ. ಬಾಕಿ ಇದೆ, ಕಾಂಟ್ರಾಕ್ಟ್ ಮುಗಿದಿಲ್ಲ ಎಂದು ಹಳೆಯವರು ಪೋರ್ಟ್ ತಡೆಯುವಂತಿಲ್ಲ, ಎಫ್‌ಸಿಸಿ ನಿಯಮವಿದೆ. ಬಾಕಿ ಮಾತ್ರ ನೀವು ಕೊಡಲೇಬೇಕು. ಇಂಟರ್ನೆಟ್ ಡಿಎಸ್‌ಎಲ್ ಆಗಿದ್ದು ಅದೇ ಲೈನಿನಲ್ಲಿದ್ದರೆ ಅದೂ ನಿಲ್ಲಬಹುದು, ಮೊದಲೇ ಕೇಳಿಕೊಳ್ಳಿ.

ಸರಳ ಪೋರ್ಟ್ ಒಂದು ಕೆಲಸದ ದಿನದಲ್ಲಿ ಆಗಬೇಕೆಂದು ನಿಯಮ. ನನಗೆ ನಾಲ್ಕು ದಿನ ಹಿಡಿಯಿತು, ತಪ್ಪು ನನ್ನದೇ. ಅರ್ಜಿಯಲ್ಲಿ ಉತ್ಸಾಹದಿಂದ ಟೆಕ್ಸಾಸ್‌ನ ಜಿಪ್ ಕೋಡ್ ಬರೆದಿದ್ದೆ! ಅಕೌಂಟ್ ನಂಬರ್, ಜಿಪ್, ಪಿನ್ ಎಲ್ಲವೂ ಹಳೆಯ ಬಿಲ್‌ನಲ್ಲಿ ಇದ್ದಂತೆಯೇ ಇರಬೇಕು.

ಖರ್ಚು ಇನ್ನೂ ಕಡಿಮೆ ಮಾಡಬೇಕೆನ್ನುವವರು ಮೊಬೈಲ್‌ಗೆ ಬಂದ ನಂಬರನ್ನು ಗೂಗಲ್ ವಾಯ್ಸ್‌ಗೆ ಕಳಿಸುತ್ತಾರೆ. ಒಂದೇ ಸಲ 20 ಡಾಲರ್, ತಿಂಗಳ ಬಾಡಿಗೆ ಇಲ್ಲ. ನಾನು ಹಾಗೆ ಮಾಡಲಿಲ್ಲ. ಕೆಲವು ಬ್ಯಾಂಕುಗಳು ಇಂಟರ್ನೆಟ್ ನಂಬರಿಗೆ ಓಟಿಪಿ ಕಳಿಸುವುದಿಲ್ಲ. ಜೊತೆಗೆ ಗೂಗಲ್ ವಾಯ್ಸ್‌ನ ವೈಯಕ್ತಿಕ ಖಾತೆಯಿಂದ 911ಕ್ಕೆ ಕರೆ ಹೋಗುವುದಿಲ್ಲ. ಬೇರೆ ಕಂಪನಿಯ ವಾಯ್ಪ್ ಡಬ್ಬಿ ಇಟ್ಟುಕೊಂಡರೆ 911 ಸಿಗುತ್ತದೆ, ಆದರೆ ಅವರಿಗೆ ಕಾಣುವುದು ನೀವು ನೋಂದಾಯಿಸಿದ ವಿಳಾಸ. ಊರಿಂದ ಬಂದ ಅಪ್ಪ-ಅಮ್ಮ ಹಗಲೆಲ್ಲ ಮನೆಯಲ್ಲಿ ಇಬ್ಬರೇ ಇರುತ್ತಾರೆ. ಗಾಬರಿಯಲ್ಲಿ ಹೊಸ ಮನೆಯ ವಿಳಾಸ ಅವರ ಬಾಯಿಗೆ ಬರುವುದಿಲ್ಲ. ಡಬ್ಬಿ ಜೋಡಿಸಿದ ದಿನವೇ ವಿಳಾಸ ಬದಲಿಸಿ, ಆಮೇಲೆ ಉಳಿದ ಪೆಟ್ಟಿಗೆಗಳನ್ನು ಬಿಚ್ಚಿ.