ಹೊಸ ಅಲಾಯ್ ಕೊಳ್ಳುವ ಮುನ್ನ ರಟ್ಟು ಕತ್ತರಿಸಿ

ಕಾರಿಗೆ ನಾಲ್ಕು ಪಿಸ್ಟನ್‌ಗಳ ದೊಡ್ಡ ಕ್ಯಾಲಿಪರ್ ಹಾಕಿಸಿದವರಿಗೆ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: ‘17 ಇಂಚು ತಗೊಳ್ಳಿ ಸಾರ್, ಆರಾಮಾಗಿ ಕೂರುತ್ತೆ.’ ಕೂರಬಹುದು, ಕೂರದೆಯೂ ಇರಬಹುದು. ಇಂಚಿನ ಲೆಕ್ಕವೊಂದರಿಂದಲೇ ಅದು ತೀರ್ಮಾನವಾಗುವುದಿಲ್ಲ.

ಮೊದಲು ಪಿಸಿಡಿ, ಅಂದರೆ ಬೋಲ್ಟ್‌ಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ಮಿ.ಮೀ. ವ್ಯಾಸ, ನೋಡಿ. ಸ್ವಿಫ್ಟ್‌ಗೆ 4×100, ಪೋಲೊಗೆ 5×100. ಇದರಲ್ಲಿ ರಾಜಿಯಿಲ್ಲ. ಚಕ್ರದ ನಡುವಿನ ರಂಧ್ರ ಹಬ್‌ಗಿಂತ (ಪೋಲೊದ್ದು 57.1 ಮಿ.ಮೀ.) ದೊಡ್ಡದಿದ್ದರೆ ಹಬ್ ರಿಂಗ್ ಹಾಕಿಸಿ.

ಆಮೇಲೆ ಆಫ್‌ಸೆಟ್. ಚಕ್ರದ ಹಿಂಬದಿಯಲ್ಲಿ ‘ಇಟಿ45’ ಎಂಬಂತೆ ಅಚ್ಚಾಗಿರುತ್ತದೆ. ಹಬ್‌ಗೆ ಒರಗುವ ಮುಖವು ಚಕ್ರದ ಅಗಲದ ನಡುಗೆರೆಯಿಂದ 45 ಮಿ.ಮೀ. ಹೊರಗಿದೆ ಎಂದರ್ಥ. ಈ ಸಂಖ್ಯೆ ಇಳಿದಷ್ಟೂ ಚಕ್ರ ಹೊರಕ್ಕೆ ಸರಿಯುತ್ತದೆ. 7 ಇಂಚು ಅಗಲದ ಇಟಿ45 ತೆಗೆದು 8 ಇಂಚಿನ ಇಟಿ35 ಹಾಕಿದಿರಿ ಎನ್ನಿ. ಅಗಲ ಎರಡೂ ಕಡೆ 12.7 ಮಿ.ಮೀ. ಹೆಚ್ಚಿತು, ಆಫ್‌ಸೆಟ್ ಇಡೀ ಚಕ್ರವನ್ನು 10 ಮಿ.ಮೀ. ಹೊರದೂಡಿತು. ಒಳಗೆ ಸಸ್ಪೆನ್ಷನ್ ಕಡೆಗೆ ಬರೀ 2.7, ಹೊರಗೆ ಫೆಂಡರ್ ಕಡೆಗೆ 22.7. ಟೈರು ತಾಗುವುದು ಎಲ್ಲಿ ಎಂಬುದು ಈ ಕೂಡಿಸಿ ಕಳೆಯುವ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಗೊತ್ತಾಗದಿರುವುದು ಬ್ರೇಕಿನ ವಿಷಯ. ಒಂದೇ ಸೈಜು, ಒಂದೇ ಇಟಿ ಇರುವ ಎರಡು ಚಕ್ರಗಳಲ್ಲಿ ಒಂದರ ಕಡ್ಡಿಗಳು ಹೊರಕ್ಕೆ ಬಾಗಿ ಕ್ಯಾಲಿಪರ್‌ಗೆ ಜಾಗ ಬಿಟ್ಟರೆ, ಇನ್ನೊಂದರವು ನೇರವಾಗಿದ್ದು ಉಜ್ಜುತ್ತವೆ. ಹಾಗಾಗಿ ಬ್ರೇಕ್ ಕಿಟ್ ತಯಾರಕರು ಕೊಡುವ ಟೆಂಪ್ಲೇಟನ್ನು ಅಸಲಿ ಅಳತೆಯಲ್ಲೇ ಮುದ್ರಿಸಿ, ಸ್ಕೇಲಿನಿಂದ ಒಮ್ಮೆ ತಾಳೆ ನೋಡಿ (ಪ್ರಿಂಟರ್ ಸದ್ದಿಲ್ಲದೆ ಕುಗ್ಗಿಸಿಬಿಡುತ್ತದೆ), ರಟ್ಟಿಗೆ ಅಂಟಿಸಿ ಕತ್ತರಿಸಿ. ಅಂಗಡಿಗೆ ಒಯ್ದು ಚಕ್ರದೊಳಗೆ ಇಟ್ಟು ತಿರುಗಿಸಿ. ಕಡ್ಡಿಗೂ ಕ್ಯಾಲಿಪರ್‌ಗೂ, ಮೇಲೆ ರಿಮ್ಮಿನ ಒಳಮೈಗೂ ಕನಿಷ್ಠ 3 ಮಿ.ಮೀ. ಬೇಕು, ನಾನಾದರೆ 5 ಕೇಳುತ್ತೇನೆ. ಏಕೆಂದರೆ ಬ್ಯಾಲೆನ್ಸಿಂಗ್ ಮಾಡುವವರು ಒಳಮೈಗೆ ಅಂಟಿಸುವ ತೂಕದ ಪಟ್ಟಿ ಆ ಸಂದನ್ನೇ ತಿನ್ನುತ್ತದೆ. ಕಾರಿನ ಮೂಲ ಜಾರುವ ಕ್ಯಾಲಿಪರೇ ಇದ್ದರೆ ಹೊಸ ಪ್ಯಾಡ್ ಹಾಕಿಸಿ ಅಳೆಯಿರಿ. ಪ್ಯಾಡ್ ಸವೆದಂತೆ ಅದು ಒಳಕ್ಕೆ ಸರಿದು, ಇಲ್ಲದ ಜಾಗ ಇದೆ ಎಂದು ತೋರಿಸುತ್ತದೆ.

ಕಡ್ಡಿ ತಾಗಿದರೆ ಸ್ಪೇಸರ್ ಉಂಟು. 5 ಮಿ.ಮೀ. ಸ್ಪೇಸರ್ ಹಾಕಿದರೆ ಇಟಿ45 ಇಟಿ40 ಆದಂತೆ, ಬೋಲ್ಟ್ ಕೂಡ ಅಷ್ಟೇ ಉದ್ದವಾಗಬೇಕು. ಆದರೆ ರಿಮ್ಮಿನ ಒಳಮೈ ತಾಗುತ್ತಿದ್ದರೆ ಸ್ಪೇಸರಿನಿಂದ ಪ್ರಯೋಜನವಿಲ್ಲ. ಬೇರೆ ಚಕ್ರವೇ ಬೇಕು.

ಟೈರು ಏರಿಸುವ ಮೊದಲೇ ಬರಿ ಚಕ್ರ ಕೂರಿಸಿ, ಬೋಲ್ಟ್ ಬಿಗಿದು, ಕೈಯಲ್ಲಿ ತಿರುಗಿಸಿ. ಟೈರು ಏರಿಸಿದ ಚಕ್ರವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದು ಅಪರೂಪ. ಟೈರು ಹಾಕಿದ ಮೇಲೆ ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ, ನಾಲ್ವರನ್ನು ಕೂರಿಸಿಕೊಂಡು ರಸ್ತೆ ಉಬ್ಬೊಂದನ್ನು ನಿಧಾನವಾಗಿ ದಾಟಿ. ಸುಮಾರು 50 ಕಿ.ಮೀ. ಓಡಿದ ಮೇಲೆ ಟಾರ್ಕ್ ವ್ರೆಂಚ್ ಹಿಡಿದು ಬೋಲ್ಟ್‌ಗಳನ್ನು ಮತ್ತೊಮ್ಮೆ ನೋಡಿ. ಪೋಲೊಗಾದರೆ 120 ನ್ಯೂಟನ್ ಮೀಟರ್.