ಇಂಟರೆಸ್ಟ್: ಒಂದು ಪದ, ನಾಲ್ಕು ಅರ್ಥ

ನಮ್ಮ ಮನೆಮಾತು ಉರ್ದು. ಮನೆಗೆ ಬರುವ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುವುದು ನನ್ನ ಕೆಲಸ. ಎರಡು ತಿಂಗಳ ಹಿಂದೆ ಅಬ್ಬಾ ಅಂಗಡಿಯ ಸಾಮಾನಿಗೆ ಅಗ್ನಿ ವಿಮೆ ಮಾಡಿಸಲು ಒಂದು ಅರ್ಜಿ ತಂದರು. ಅದರಲ್ಲಿ 'ಇನ್ಶೂರಬಲ್ ಇಂಟರೆಸ್ಟ್' ಎಂಬ ಕಾಲಂ ಇತ್ತು. "ಇದೇನು ಬೇಟಾ?" ಎಂದು ಕೇಳಿದರು. "ಇಂಟರೆಸ್ಟ್ ಅಂದರೆ ಸೂದ್, ಅಬ್ಬಾ" ಎಂದುಬಿಟ್ಟೆ. ನಮ್ಮ ಮನೆಯಲ್ಲಿ ಬಡ್ಡಿಯ ವ್ಯವಹಾರ ಮಾಡುವುದಿಲ್ಲ. ಅಬ್ಬಾ ಏನೂ ಹೇಳದೆ ಅರ್ಜಿಯನ್ನು ಮಡಚಿ ಒಳಗಿಟ್ಟರು.

ಮುಂದಿನ ವಾರ ವ್ಯವಹಾರ ಅಧ್ಯಯನದ ಕಿರು ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ನಾನೂ ಅದೇ ಉತ್ತರ ಬರೆದೆ. ಎರಡು ಅಂಕಕ್ಕೆ ಸೊನ್ನೆ! ಮೇಡಂ ಬೈಯಲಿಲ್ಲ. "ನಿಘಂಟು ನೋಡಿ ಆ ಪದದ ಎಲ್ಲ ಅರ್ಥಗಳನ್ನೂ ಬರೆದು ತಾ" ಎಂದರು. ಬರೆದದ್ದು ಇದು.

ಮೊದಲನೆಯದು ಆಸಕ್ತಿ, ಉರ್ದುವಿನಲ್ಲಿ ದಿಲ್‌ಚಸ್ಪಿ. ಕ್ರಿಕೆಟ್‌ನಲ್ಲಿ, ಓದಿನಲ್ಲಿ ಇರುವ ಇಂಟರೆಸ್ಟ್. ಇದು ಎಲ್ಲರಿಗೂ ಗೊತ್ತು.

ಎರಡನೆಯದು ಬಡ್ಡಿ. 10,000 ರೂಪಾಯಿಗೆ ಶೇ. 6ರಂತೆ ವರ್ಷಕ್ಕೆ 600 ರೂಪಾಯಿ. ಲೆಕ್ಕಶಾಸ್ತ್ರದಲ್ಲಿ ಬಂಡವಾಳದ ಮೇಲಿನ ಬಡ್ಡಿ ವ್ಯವಹಾರಕ್ಕೆ ಖರ್ಚು, ಡ್ರಾಯಿಂಗ್ಸ್ ಮೇಲಿನ ಬಡ್ಡಿ ಆದಾಯ.

ಮೂರನೆಯದು ಹಿತ. ಪತ್ರಿಕೆಗಳಲ್ಲಿ ಬರುವ 'ಪಿಐಎಲ್' ಎಂಬುದರ ನಡುವಿನ ಅಕ್ಷರ ಇದೇ: ಸಾರ್ವಜನಿಕ ಹಿತಾಸಕ್ತಿ ಅರ್ಜಿ. 'ಡಿಸ್‌ಇಂಟರೆಸ್ಟೆಡ್' ಎಂದರೆ ಸ್ವಂತ ಹಿತ ನೋಡದವರು, 'ಅನ್‌ಇಂಟರೆಸ್ಟೆಡ್' ಎಂದರೆ ಆಸಕ್ತಿಯೇ ಇಲ್ಲದವರು. ನ್ಯಾಯಾಧೀಶರು ಮೊದಲನೆಯವರಾಗಿರಬೇಕು, ಎರಡನೆಯವರಾಗಿರಬಾರದು.

ನಾಲ್ಕನೆಯದೇ ನನ್ನ ಅಂಕ ತಿಂದದ್ದು. ವಸ್ತು ಉಳಿದರೆ ನಮಗೆ ಲಾಭ, ಹಾಳಾದರೆ ನಮಗೇ ನಷ್ಟ ಎಂಬ ಹಣದ ಸಂಬಂಧಕ್ಕೆ ಇನ್ಶೂರಬಲ್ ಇಂಟರೆಸ್ಟ್ ಎನ್ನುತ್ತಾರೆ. ಈ ಸಂಬಂಧವಿಲ್ಲದೆ ವಿಮೆ ಇಲ್ಲ. ಪಕ್ಕದ ಮನೆಯವರ ಸ್ಕೂಟರಿಗೆ ನಾನು ವಿಮೆ ಮಾಡಿಸಿ ಹಣ ಪಡೆಯಲಾಗದು. ಅಗ್ನಿ ವಿಮೆಯಲ್ಲಿ ಇದು ಪಾಲಿಸಿ ಮಾಡಿಸುವಾಗಲೂ ನಷ್ಟವಾದಾಗಲೂ ಇರಬೇಕು. ಜೀವ ವಿಮೆಯಲ್ಲಿ ಪಾಲಿಸಿ ಮಾಡಿಸುವಾಗ ಇದ್ದರೆ ಸಾಕು. ಸಾಗರ ವಿಮೆಯಲ್ಲಿ ನಷ್ಟವಾದಾಗ ಇರಬೇಕು.

ಲ್ಯಾಟಿನ್ ಭಾಷೆಯಲ್ಲಿ ಈ ಪದದ ಮೂಲ ಅರ್ಥ 'ನಡುವೆ ಇರುವುದು'. ಹೀಗೆ ನೆನಪಿಡಬಹುದು: ನಮಗೂ ಪುಸ್ತಕಕ್ಕೂ ನಡುವೆ ಇರುವುದು ಆಸಕ್ತಿ, ಕೊಟ್ಟ ಸಾಲಕ್ಕೂ ಮರಳಿ ಬರುವ ಹಣಕ್ಕೂ ನಡುವಿನ ವ್ಯತ್ಯಾಸ ಬಡ್ಡಿ, ನಮಗೂ ನಮ್ಮ ಸಾಮಾನಿಗೂ ನಡುವೆ ಇರುವುದು ವಿಮೆಯ ಇಂಟರೆಸ್ಟ್.

ಅಂದು ಸಂಜೆ ಅರ್ಜಿಯನ್ನು ಹೊರತೆಗೆದೆ. "ಅಬ್ಬಾ, ನಾನು ತಪ್ಪು ಹೇಳಿದ್ದೆ. ಈ ಕಾಲಂನಲ್ಲಿ ಸೂದ್ ವಿಷಯ ಇಲ್ಲ. ಅಂಗಡಿಗೂ ಸಾಮಾನಿಗೂ ನಿಮಗೇನು ಸಂಬಂಧ ಎಂದು ಕೇಳಿದ್ದಾರೆ."

"ಕಟ್ಟಡ ಮಾಲೀಕರದು, ಸಾಮಾನು ನನ್ನದು" ಎಂದರು ಅಬ್ಬಾ.

"ಅದನ್ನೇ ಬರೆಯಬೇಕು" ಎಂದೆ.

ವಿಮೆ ಮಾಡಿಸುವುದೋ ಬೇಡವೋ ಎಂದು ತಿಳಿದವರನ್ನು ಕೇಳಿ ನಿರ್ಧರಿಸುತ್ತೇನೆ ಎಂದಿದ್ದಾರೆ. ಅದು ಅವರ ನಿರ್ಧಾರ. ಆದರೆ ನನ್ನ ಅರೆಬರೆ ಇಂಗ್ಲಿಷ್ ಆ ನಿರ್ಧಾರ ಮಾಡಬಾರದಿತ್ತು.

ಸ್ನೇಹಿತರೇ, ಮನೆಯ ಕಾಗದ ಓದಿ ಹೇಳುವವರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದೇವೆ. ಗೊತ್ತಿಲ್ಲದ ಪದ ಬಂದರೆ ಹೇಗೂ ನಿಘಂಟು ನೋಡುತ್ತೇವೆ. ಗೊತ್ತಿರುವ ಪದಕ್ಕೂ ಒಮ್ಮೆ ನೋಡೋಣ.